ಗಿಡದ ಬಾಗು, ಬೆನ್ನಿನ ಬಾಗು: ಮಂಡ್ಯ ಸೀಮೆಯ ಜನಪದ ತಿಳಿವಳಿಕೆ ಮತ್ತು ಎಳೆಯರ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯ ಚರಿತ್ರೆ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ಕನ್ನಡ ನಾಡಿನ ಎಲ್ಲೆಡೆ ಬಳಕೆಯಲ್ಲಿದೆ. ಮಕ್ಕಳ ನಡತೆಯನ್ನು ತಿದ್ದುವ ಸಂದರ್ಭದಲ್ಲಿ ಹಿರಿಯರು ಇದನ್ನು ಹೇಳುವುದು ರೂಢಿ. ಆದರೆ ಗಾದೆಯ ಹುಟ್ಟು ನೀತಿಯಲ್ಲಿಲ್ಲ, ಬೇಸಾಯದ ಅನುಭವದಲ್ಲಿದೆ. ಎಳೆಯ ಸಸಿಗೆ ಊರುಗೋಲು ಕೊಟ್ಟು ಕಟ್ಟುವ, ಗಾಳಿಗೆ ಬಾಗುವ ಕಬ್ಬನ್ನು ಜೊತೆಗೂಡಿಸಿ ಕಟ್ಟಿ ನಿಲ್ಲಿಸುವ ರೈತನ ಕಣ್ಣು ಕಂಡುಕೊಂಡ ಸತ್ಯವಿದು. 1741ರಲ್ಲಿ ಪ್ಯಾರಿಸ್ಸಿನ ವೈದ್ಯ ನಿಕೊಲಾ ಆಂದ್ರಿ ಎಂಬಾತ ಮಕ್ಕಳ ಅಂಗಗಳ ವಕ್ರತೆಯನ್ನು ತಡೆಯುವ ಮತ್ತು ತಿದ್ದುವ ಬಗೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಡೊಂಕಾಗಿ ಬೆಳೆದ ಎಳೆಮರವೊಂದನ್ನು ನೆಟ್ಟನೆಯ ಗೂಟಕ್ಕೆ ಹಗ್ಗದಿಂದ ಬಿಗಿದಿರುವ ಚಿತ್ರ ಅದರಲ್ಲಿದೆ. ಗ್ರೀಕಿನ 'ನೆಟ್ಟಗಿನ' ಮತ್ತು 'ಮಗು' ಎಂಬ ಎರಡು ಪದಗಳನ್ನು ಕೂಡಿಸಿ ಆತ ಕಟ್ಟಿದ 'ಆರ್ಥೋಪೀಡಿ' ಎಂಬ ಹೆಸರು ಇಂದು ಮೂಳೆವೈದ್ಯ ಶಾಸ್ತ್ರದ ಹೆಸರಾಗಿದೆ. ಆ ಮರದ ಚಿತ್ರ ಜಗತ್ತಿನಾದ್ಯಂತ ಮೂಳೆವೈದ್ಯರ ಲಾಂಛನವಾಗಿದೆ. ಮಂಡ್ಯದ ರೈತನೂ ಪ್ಯಾರಿಸ್ಸಿನ ವೈದ್ಯನೂ ಒಂದೇ ಉಪಮೆಯನ್ನು ಬೇರೆ ಬೇರೆಯಾಗಿ ಕಂಡುಕೊಂಡರೆಂಬುದು ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹವಾದುದು.

ಈ ಉಪಮೆಯನ್ನು ಮುಂದಿಟ್ಟುಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಜನಜೀವನದಲ್ಲಿ ಬಾಗಿದ ಬೆನ್ನಿನ ಬಗೆಗಿರುವ ತಿಳಿವಳಿಕೆಯನ್ನೂ, ಎಳೆಯ ಮಕ್ಕಳ ಬೆನ್ನೆಲುಬಿನ ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿಯನ್ನೂ ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರು ಮತ್ತು ಅರ್ಥ

ಗೂನು, ಡೊಂಕು, ಸೊಟ್ಟ, ವಕ್ರ ಎಂಬ ಪದಗಳು ಈ ಭಾಗದ ಆಡುಮಾತಿನಲ್ಲಿಯೂ ಕಥನಗಳಲ್ಲಿಯೂ ಬಳಕೆಯಾಗುತ್ತವೆ. 'ಗೂನು' ಎಂಬ ಒಂದೇ ಪದ ಹಲವು ಬೇನೆಗಳನ್ನು ಒಳಗೊಳ್ಳುತ್ತದೆ. ಬೆನ್ನೆಲುಬಿಗೆ ಕ್ಷಯ ತಗುಲಿ ಮೂಳೆ ಕುಸಿದು ಬೆನ್ನು ಹಿಂದಕ್ಕೆ ಉಬ್ಬುವುದು ಒಂದು. ಇದನ್ನು ಇಂಗ್ಲೆಂಡಿನ ವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದನು. ಮುಪ್ಪಿನಲ್ಲಿ ಮೂಳೆ ಸವೆದು ಬೆನ್ನು ಬಾಗುವುದು ಮತ್ತೊಂದು. ಬೆನ್ನೆಲುಬು ಪಕ್ಕಕ್ಕೆ ಬಾಗಿ, ಅದರೊಡನೆ ತನ್ನ ಸುತ್ತ ತಾನೇ ತಿರುಚಿಕೊಳ್ಳುವುದು ಮೂರನೆಯದು. ಇದನ್ನು ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ಕ್ಷ-ಕಿರಣ ಚಿತ್ರದಲ್ಲಿ ಬಾಗು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಈ ಹೆಸರು ಸಲ್ಲುತ್ತದೆ. ಈ ಬಾಗನ್ನು ಅಳೆಯುವ, ಇಂದಿಗೂ ಬಳಕೆಯಲ್ಲಿರುವ ಕ್ರಮವನ್ನು ಅಮೆರಿಕದ ಜಾನ್ ಕಾಬ್ 1948ರಲ್ಲಿ ನಿರೂಪಿಸಿದನು.

ಹತ್ತು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುವ ಬಾಗಿಗೆ ವಿಶೇಷ ಮಹತ್ವವಿದೆ. ಕೆಲವು ಮಕ್ಕಳಲ್ಲಿ ಗರ್ಭದಲ್ಲಿಯೇ ಬೆನ್ನೆಲುಬಿನ ಮಣಿಯೊಂದು ಅರ್ಧವಾಗಿ ಮಾತ್ರ ರೂಪುಗೊಂಡಿರುತ್ತದೆ. ಕೆಲವರಲ್ಲಿ ನರ ಅಥವಾ ಸ್ನಾಯುಗಳ ದೌರ್ಬಲ್ಯ ಕಾರಣವಾಗುತ್ತದೆ. ಭಾರತವು 2014ರಲ್ಲಿ ಪೋಲಿಯೋಮುಕ್ತವೆಂದು ಘೋಷಿತವಾಗುವವರೆಗೆ ಆ ರೋಗವೂ ಇಂತಹ ಕಾರಣಗಳಲ್ಲೊಂದಾಗಿತ್ತು. ಇನ್ನು ಕೆಲವರಲ್ಲಿ ಕಾರಣವೇ ತಿಳಿಯುವುದಿಲ್ಲ. ಗ್ರಹಣದ ನೆರಳು, ಗರ್ಭಿಣಿಯ ತಪ್ಪು ನಡೆ, ಹಿಂದಿನ ಜನ್ಮದ ಕರ್ಮ ಮುಂತಾದ ವಿವರಣೆಗಳು ಜನಪದ ನಂಬಿಕೆಯಲ್ಲಿ ಮೂಡಿರುವುದು ಕಾರಣ ತಿಳಿಯದ ಈ ಎಡೆಯಲ್ಲಿಯೇ. ಇವುಗಳ ಭಾರ ಬಹುಮಟ್ಟಿಗೆ ತಾಯಿಯ ಮೇಲೆ ಬೀಳುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮಗುವಿನ ಬೆನ್ನು ಬಾಗುವುದಕ್ಕೆ ತಾಯಿ ಗ್ರಹಣದಲ್ಲಿ ಹೊರಗೆ ಬಂದುದಾಗಲಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡುದಾಗಲಿ ಕಾರಣವಲ್ಲ.

ಪುರಾಣದ ಕುಬ್ಜೆ ಮತ್ತು ಮೇರುದಂಡ

ಮೇಲುಕೋಟೆಯ ಶ್ರೀವೈಷ್ಣವ ಪರಂಪರೆಯ ಪ್ರಭಾವದಿಂದಾಗಿ ಪಾಂಡವಪುರ ಸೀಮೆಯಲ್ಲಿ ಭಾಗವತದ ಕಥೆಗಳು ಸುಪರಿಚಿತ. ಅದರ ದಶಮ ಸ್ಕಂಧದಲ್ಲಿ ಬರುವ ಕುಬ್ಜೆಗೆ 'ತ್ರಿವಕ್ರೆ', ಅಂದರೆ ಮೂರು ಕಡೆ ಬಾಗಿದವಳು, ಎಂಬ ಹೆಸರಿದೆ. ಮಥುರೆಯ ಬೀದಿಯಲ್ಲಿ ಕೃಷ್ಣನು ಅವಳ ಪಾದಗಳನ್ನು ತನ್ನ ಪಾದದಿಂದ ಒತ್ತಿ ಹಿಡಿದು, ಗಲ್ಲದ ಕೆಳಗೆ ಎರಡು ಬೆರಳಿಟ್ಟು ಮೇಲಕ್ಕೆತ್ತಿದಾಗ ಅವಳ ಮೈ ನೆಟ್ಟಗಾಯಿತೆಂಬುದು ಕಥೆ. ಭಕ್ತಿಯ ಅರ್ಥವನ್ನು ಬದಿಗಿಟ್ಟು ನೋಡಿದರೆ ಇಲ್ಲಿ ವಿವರಿತವಾಗಿರುವುದು ಒಂದು ಸ್ಪಷ್ಟವಾದ ಕ್ರಿಯೆ: ಕೆಳತುದಿಯನ್ನು ಅಲುಗದಂತೆ ಹಿಡಿದು ಮೇಲ್ತುದಿಯನ್ನು ಎಳೆಯುವುದು. ಗ್ರೀಸಿನ ಹಿಪೊಕ್ರೇಟಿಸನ ಪರಂಪರೆಯಲ್ಲಿಯೂ ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ ಎರಡು ತುದಿಗಳಿಂದ ಎಳೆಯುವ ಚಿಕಿತ್ಸೆ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ಲೋಹದ ಸರಳುಗಳು ಬೆನ್ನೊಳಗೆ ಮಾಡಿದ ಕೆಲಸದ ಮೂಲತತ್ತ್ವವೂ ಇದೇ ಆಗಿದೆ. ಪುರಾಣದಲ್ಲಿ ಶಸ್ತ್ರಚಿಕಿತ್ಸೆಯಿತ್ತೆಂದು ಇದರಿಂದ ಸಾಧಿಸಲಾಗದು. ಬಾಗಿದ ಬೆನ್ನನ್ನು ನೇರಗೊಳಿಸುವ ದಾರಿ ಎಳೆತವೆಂಬ ಊಹೆ ಕಥೆ ಕಟ್ಟಿದವರಿಗಿತ್ತು ಎಂದಷ್ಟೇ ಹೇಳಬಹುದು.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯು ನಾಥ ಪರಂಪರೆಯ ಪ್ರಮುಖ ಕೇಂದ್ರ. ಯೋಗದ ಪರಿಭಾಷೆಯಲ್ಲಿ ಬೆನ್ನೆಲುಬಿಗೆ ಮೇರುದಂಡವೆಂದು ಹೆಸರು. ಲೋಕಕ್ಕೆ ಮೇರು ಹೇಗೋ ದೇಹಕ್ಕೆ ಬೆನ್ನೆಲುಬು ಹಾಗೆ ಎಂಬ ಭಾವನೆ ಅದರ ಹಿಂದಿದೆ. ಇದೇ ಭಾವನೆ ಬೆನ್ನು ಬಾಗಿದವರನ್ನು ಕೀಳಾಗಿ ಕಾಣುವುದಕ್ಕೂ ಎಡೆ ಮಾಡಿಕೊಟ್ಟಿತು. ಕಥೆಗಳಲ್ಲಿ ಗೂನಿಯು ಮಂಥರೆಯಂತೆ ಕುತಂತ್ರಿಯಾಗಿ ಕಾಣಿಸಿಕೊಳ್ಳುತ್ತಾಳೆ. ಊರಿನಲ್ಲಿ 'ಗೂನ' ಎಂಬುದು ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ಅಷ್ಟಾವಕ್ರನಂತಹ ಜ್ಞಾನಿಯ ಕಥೆ ಇದಕ್ಕೆ ಉತ್ತರವಾಗಿ ಬಂದಿದ್ದರೂ ಅಡ್ಡಹೆಸರಿನ ಬಲವೇ ಹೆಚ್ಚು. ಬೆಳೆಯುವ ಹೆಣ್ಣುಮಗುವಿನ ಬೆನ್ನನ್ನು ಮನೆಯವರು ಸೆರಗಿನಲ್ಲಿ, ದಾವಣಿಯಲ್ಲಿ ಮರೆಮಾಚುವುದಕ್ಕೆ ಈ ನಾಚಿಕೆಯೇ ಕಾರಣ. ಮರೆಮಾಚಿದ ಬೆನ್ನು ವೈದ್ಯರ ಕಣ್ಣಿಗೂ ಮರೆಯಾಗುತ್ತದೆ.

ಮನೆಯ ಆರೈಕೆ ಮತ್ತು ನಾಟಿ ವೈದ್ಯ

ಹಳೆಯ ಮೈಸೂರು ಸೀಮೆಯ ಬಾಣಂತನದಲ್ಲಿ ಮಗುವಿಗೆ ಎಣ್ಣೆ ತೀಡಿ ನೀರೆರೆಯುವ ಕ್ರಮಕ್ಕೆ ದೊಡ್ಡ ಸ್ಥಾನವಿದೆ. ಅನುಭವಿಯಾದ ಅಜ್ಜಿ ಕಾಲುಗಳನ್ನು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಬೋರಲಾಗಿ ಮಲಗಿಸಿಕೊಂಡು, ಕತ್ತಿನಿಂದ ಸೊಂಟದವರೆಗೆ ಬೆನ್ನನ್ನು ಕೈಯಿಂದ ನೀವುತ್ತಾಳೆ. ನೀವಿದರೆ ಮೂಳೆ ನೆಟ್ಟಗಾಗುತ್ತದೆ ಎಂಬುದು ಇಲ್ಲಿನ ನಂಬಿಕೆ. ಎಣ್ಣೆಯಿಂದಾಗಲಿ ನೀವುವುದರಿಂದಾಗಲಿ ಬೆನ್ನೆಲುಬಿನ ತಿರುಚು ಬಿಡುವುದಿಲ್ಲವೆಂಬುದು ಇಂದು ತಿಳಿದ ವಿಷಯ. ಆದರೆ ಈ ಕ್ರಮದ ಇನ್ನೊಂದು ಪ್ರಯೋಜನ ಯಾರ ಗಮನಕ್ಕೂ ಬಂದಂತಿಲ್ಲ. ಮಗುವಿನ ಬರಿಬೆನ್ನನ್ನು ದಿನವೂ ನೋಡುವ, ಮುಟ್ಟುವ ಮೊದಲ ವ್ಯಕ್ತಿ ಈ ಅಜ್ಜಿ. ಒಂದು ಪಕ್ಕೆ ಉಬ್ಬಿದೆ, ಒಂದು ಹೆಗಲು ಏರಿದೆ, ಮಗು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ ಎಂಬುದು ಮೊದಲು ತಿಳಿಯಬಹುದಾದುದು ಅವಳ ಕೈಗೆ. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಆಡಮ್ಸ್ ವಿವರಿಸಿದ ಪರೀಕ್ಷೆಯೂ ಇದರಷ್ಟೇ ಸರಳ: ಮಗುವನ್ನು ಮುಂದಕ್ಕೆ ಬಾಗಿಸಿ ಹಿಂದಿನಿಂದ ನೋಡಿದರೆ, ತಿರುಚು ಇದ್ದಲ್ಲಿ ಒಂದು ಬದಿಯ ಪಕ್ಕೆಲುಬುಗಳು ಉಬ್ಬಿ ಕಾಣುತ್ತವೆ. ನಾಟಿಯ ಗದ್ದೆಯಲ್ಲಿ ಬಾಗಿ ನಿಂತವರ ಸಾಲನ್ನು ನೋಡಬಲ್ಲ ಕಣ್ಣಿಗೆ ಇದು ಕಠಿಣವಾದ ವಿದ್ಯೆಯೇನಲ್ಲ.

ಮುರಿದ ಮೂಳೆಗೆ ಬಿದಿರಿನ ದಬ್ಬೆಯಿಟ್ಟು ಕಟ್ಟು ಹಾಕುವ ನಾಟಿ ವೈದ್ಯರಿಗೆ ಹಳ್ಳಿಗಳಲ್ಲಿ ಗೌರವವಿದೆ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಂಡರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆಯೂ ಉಂಟು. ಮುರಿತವು ಒಂದು ದಿನದ ಘಟನೆ. ಕಟ್ಟಿದರೆ ಕೂಡಿಕೊಳ್ಳುವುದು ಮೂಳೆಯ ಸ್ವಭಾವ. ಬೆನ್ನಿನ ಬಾಗು ಹಾಗಲ್ಲ, ಅದು ಬೆಳವಣಿಗೆಯ ಜೊತೆಗೆ ಸಾಗುವ ಬೇನೆ. ಮಗು ಬೆಳೆದಂತೆ ಬಾಗೂ ಬೆಳೆಯುತ್ತದೆ. ಆದುದರಿಂದ ಬೆನ್ನನ್ನು ತುಳಿಸುವುದಾಗಲಿ ಬಲವಾಗಿ ತಿರುಗಿಸುವುದಾಗಲಿ ಇಲ್ಲಿ ಉಪಯೋಗಕ್ಕೆ ಬಾರದು. ಹುಟ್ಟಿನಿಂದಲೇ ಮಣಿಗಳಲ್ಲಿ ಅಥವಾ ಹುರಿಯಲ್ಲಿ ದೋಷವಿರುವ ಮಗುವಿಗೆ ಅಪಾಯಕರವೂ ಆದೀತು.

ಶ್ರೀರಂಗಪಟ್ಟಣದ ಒಂದು ಪ್ರಸಂಗ

ಹಳ್ಳಿಯ ಜನ ಶಸ್ತ್ರಚಿಕಿತ್ಸೆಗೆ ಹೆದರುತ್ತಾರೆ, ಶಸ್ತ್ರವಿದ್ಯೆ ಅವರಿಗೆ ಪರಕೀಯ ಎಂಬ ಮಾತು ಆಗಾಗ ಕೇಳಿಬರುತ್ತದೆ. ಶ್ರೀರಂಗಪಟ್ಟಣದ ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1792ರಲ್ಲಿ, ಇಂಗ್ಲಿಷ್ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ರೈತ ಟಿಪ್ಪುವಿನ ಸೇನೆಗೆ ಸೆರೆಸಿಕ್ಕನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೇನೆಯನ್ನು ಸೇರಿಕೊಂಡನು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಸಮೀಪ ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬಾತ ಅವನ ಹಣೆಯ ಚರ್ಮವನ್ನು ಬಿಡಿಸಿ, ಮೇಣದಿಂದ ಮಾಡಿದ ಅಳತೆಗೆ ಹೊಂದಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದನು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆಯಲ್ಲಿ ಈ ವಿವರ ಚಿತ್ರಸಹಿತ ಪ್ರಕಟವಾಯಿತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಇದೇ ಶಸ್ತ್ರಕ್ರಿಯೆಯನ್ನು ನಡೆಸಿ 1816ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ ಆರಂಭದ ಪುಟಗಳಲ್ಲಿಯೇ ಸ್ಥಾನವಿದೆ.

ಈ ಪ್ರಸಂಗದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ವಿರೂಪಗೊಂಡ ದೇಹವನ್ನು ಶಸ್ತ್ರದಿಂದ ತಿದ್ದಿಸಿಕೊಳ್ಳಲು ಒಬ್ಬ ಸಾಮಾನ್ಯ ರೈತ ಮುಂದಾದನು ಎಂಬುದು ಒಂದು. ಜಾತಿಕಸುಬಿನ ಒಳಗೆ ಉಳಿದುಬಂದ ವಿದ್ಯೆ ಅಚ್ಚಿನ ಬರಹಕ್ಕೆ ಬಂದು ದೂರದ ನಗರದ ವೈದ್ಯನ ಕೈ ಸೇರಿತು ಎಂಬುದು ಮತ್ತೊಂದು. ಜ್ಞಾನವು ಯಾವಾಗಲೂ ನಗರದಿಂದ ಹಳ್ಳಿಗೆ ಇಳಿದು ಬರುವುದಿಲ್ಲ. ಒಮ್ಮೊಮ್ಮೆ ಹಳ್ಳಿಯಿಂದಲೂ ಏರಿ ಹೋಗುತ್ತದೆ.

ಬೆನ್ನಿನ ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿ

ಮೂಗನ್ನು ಕಟ್ಟಿದಷ್ಟು ಬೇಗ ಬೆನ್ನನ್ನು ತಿದ್ದಲು ಶಸ್ತ್ರವೈದ್ಯರಿಗೆ ಸಾಧ್ಯವಾಗಲಿಲ್ಲ. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರೋಯಿಸ್ ಪಾರೆ ಕಬ್ಬಿಣದ ಕವಚವನ್ನು ತೊಡಿಸಿದನು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ಯಾರಿಸ್ಸಿನ ಜೂಲ್ ಗೆರಾನ್ ಬೆನ್ನಿನ ಸ್ನಾಯುಗಳನ್ನು ಚರ್ಮದಡಿಯಲ್ಲಿ ಕತ್ತರಿಸಿ ಬಾಗನ್ನು ಬಿಡಿಸಲು ಯತ್ನಿಸಿದನು. ಅದರ ಫಲಿತಾಂಶಗಳನ್ನು ಸಮಕಾಲೀನರೇ ತೀವ್ರವಾಗಿ ಟೀಕಿಸಿದರು. ನ್ಯೂಯಾರ್ಕಿನ ರಸೆಲ್ ಹಿಬ್ಸ್ 1911ರಲ್ಲಿ ಕ್ಷಯ ತಗುಲಿದ ಬೆನ್ನೆಲುಬಿನ ಮಣಿಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿ, 1914ರಲ್ಲಿ ಅದನ್ನೇ ಪಕ್ಕಕ್ಕೆ ಬಾಗಿದ ಬೆನ್ನಿಗೆ ಅನ್ವಯಿಸಿದನು. ಬೆಸುಗೆಯಾದ ಬೆನ್ನು ಮುಂದೆ ಬಾಗದು ಎಂಬುದು ಇದರ ತತ್ತ್ವ. ಹೀಗೆ ಬೆಸೆದ ಮಕ್ಕಳು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಬೇಕಾಗುತ್ತಿತ್ತು.

ಹೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ಪೋಲಿಯೋದಿಂದ ಬೆನ್ನು ಬಾಗಿದ ಮಕ್ಕಳನ್ನು ನೋಡಿಕೊಳ್ಳುತ್ತ ಲೋಹದ ಸರಳು ಮತ್ತು ಕೊಕ್ಕೆಗಳ ವ್ಯವಸ್ಥೆಯನ್ನು ರೂಪಿಸಿ 1962ರಲ್ಲಿ ಪ್ರಕಟಿಸಿದನು. ಬಾಗಿನ ಮೇಲ್ತುದಿ ಮತ್ತು ಕೆಳತುದಿಗಳನ್ನು ಹಿಡಿದು ಎಳೆಯುವ ಈ ಸರಳು ಕುಬ್ಜೆಯ ಕಥೆಯನ್ನು ನೆನಪಿಗೆ ತರುತ್ತದೆ. ಅನಂತರ ಮೆಕ್ಸಿಕೋ ನಗರದ ಎಡ್ವಾರ್ಡೊ ಲೂಕೆ ಪ್ರತಿಯೊಂದು ಮಣಿಯನ್ನೂ ತಂತಿಯಿಂದ ಸರಳಿಗೆ ಕಟ್ಟುವ ಕ್ರಮವನ್ನು ತಂದನು. ಸೆಕೆಯ ನಾಡಿನ ಬಡರೋಗಿಗಳು ಪ್ಲಾಸ್ಟರನ್ನು ಧರಿಸಿ ತಿಂಗಳುಗಳನ್ನು ಕಳೆಯಲಾರರು ಎಂಬ ಅರಿವು ಅವನ ಯೋಚನೆಯ ಹಿಂದಿತ್ತು. ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬುಸೆ 1980ರ ದಶಕದಲ್ಲಿ ತಿರುಚನ್ನೂ ಬಿಡಿಸಬಲ್ಲ ಜೋಡಿ ಸರಳುಗಳನ್ನು ಬಳಕೆಗೆ ತಂದರು.

ಇವೆಲ್ಲವೂ ಬೆಳವಣಿಗೆ ಮುಗಿಯುತ್ತ ಬಂದ ಹದಿಹರೆಯದವರಿಗೆ ಹೊಂದುವ ಕ್ರಮಗಳು. ನಾಲ್ಕೈದು ವರ್ಷದ ಮಗುವಿನ ಬೆನ್ನನ್ನು ಬೆಸೆದರೆ ಆಗುವ ನಷ್ಟವೇ ಬೇರೆ. ಮೊದಲ ಐದು ವರ್ಷಗಳಲ್ಲಿ ಮಗುವಿನ ಮುಂಡದ ಬೆನ್ನೆಲುಬು ವರ್ಷಕ್ಕೆ 2 ಸೆಂಟಿಮೀಟರಿಗಿಂತ ಹೆಚ್ಚಾಗಿ, ಐದರಿಂದ ಹತ್ತರವರೆಗೆ ವರ್ಷಕ್ಕೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಎದೆಗೂಡು ಬೆಳೆದರೆ ಮಾತ್ರ ಅದರೊಳಗಿನ ಶ್ವಾಸಕೋಶಗಳೂ ಬೆಳೆದಾವು. ಎದೆಭಾಗದ ಬೆನ್ನೆಲುಬಿನ ಎತ್ತರ 18 ಸೆಂಟಿಮೀಟರಿಗೆ ತಲುಪದೆ ನಿಂತರೆ ಉಸಿರಾಟಕ್ಕೆ ತೊಂದರೆಯಾಗುವ ಸಂಭವ ಹೆಚ್ಚೆಂದು 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೆನ್ನು ನೆಟ್ಟಗಾಯಿತು, ಉಸಿರು ಕಿರಿದಾಯಿತು ಎಂಬಂತಹ ಸ್ಥಿತಿ ಇದು. ಹಿಂಬದಿಯನ್ನು ಮಾತ್ರ ಬೆಸೆದಾಗ ಮುಂಬದಿ ಬೆಳೆಯುತ್ತಲೇ ಹೋಗಿ ಬೆನ್ನು ಮತ್ತೆ ತಿರುಚಿಕೊಳ್ಳುವುದನ್ನೂ ದ್ಯುಬುಸೆ 1989ರಲ್ಲಿ ವಿವರಿಸಿದನು.

ಈ ಕಾರಣದಿಂದಲೇ ಎಳೆಯರ ಶಸ್ತ್ರಚಿಕಿತ್ಸೆ ಬೆಸುಗೆಯ ದಾರಿಯನ್ನು ಬಿಟ್ಟು ಬೆಳವಣಿಗೆಗೆ ಎಡೆಕೊಡುವ ದಾರಿಯನ್ನು ಹಿಡಿಯಿತು. ಬಾಗಿನ ಎರಡು ತುದಿಗಳಲ್ಲಿ ಮಾತ್ರ ಸರಳುಗಳನ್ನು ನೆಟ್ಟು, ಸುಮಾರು ಆರು ತಿಂಗಳಿಗೊಮ್ಮೆ ಕಿರು ಶಸ್ತ್ರಕ್ರಿಯೆಯಿಂದ ಅವುಗಳನ್ನು ಉದ್ದಮಾಡುವುದು ಒಂದು ಕ್ರಮ. ಪಕ್ಕೆಲುಬುಗಳ ನಡುವೆ ಹಿಗ್ಗಿಸಬಲ್ಲ ಟೈಟಾನಿಯಂ ಸರಳನ್ನಿರಿಸಿ ಎದೆಗೂಡನ್ನೇ ಅಗಲಿಸುವ ಕ್ರಮವನ್ನು ಅಮೆರಿಕದ ರಾಬರ್ಟ್ ಕ್ಯಾಂಪ್‌ಬೆಲ್ ರೂಪಿಸಿದನು. ಅದಕ್ಕೆ ಅಲ್ಲಿಯ ಸರ್ಕಾರದ ಅನುಮತಿ 2004ರಲ್ಲಿ ದೊರೆಯಿತು. ದೇಹದ ಹೊರಗಿನಿಂದ ಅಯಸ್ಕಾಂತವನ್ನು ಹಿಡಿದು ಒಳಗಿನ ಸರಳನ್ನು ಉದ್ದಮಾಡುವ ಕ್ರಮವನ್ನು ಹಾಂಗ್‌ಕಾಂಗ್‌ನ ವೈದ್ಯರು 2012ರಲ್ಲಿ ವರದಿ ಮಾಡಿದರು. ಹುಟ್ಟಿನಿಂದ ಅರ್ಧಮಣಿಯಿರುವ ಮಕ್ಕಳಲ್ಲಿ ಆ ಒಂದು ಮಣಿಯನ್ನೇ ತೆಗೆದು ಅಕ್ಕಪಕ್ಕದ ಮಣಿಗಳನ್ನು ಮಾತ್ರ ಕೂಡಿಸುವುದು ಇನ್ನೊಂದು ಕ್ರಮ. ಬಾಗಿನ ಉಬ್ಬಿದ ಬದಿಗೆ ಹುರಿಯೊಂದನ್ನು ಬಿಗಿದು ಉಳಿದ ಬೆಳವಣಿಗೆಯೇ ಬೆನ್ನನ್ನು ನೇರಗೊಳಿಸುವಂತೆ ಮಾಡುವ ಕ್ರಮಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ದೊರೆಯಿತು. ಆದರೆ ಅದು ತೀರ ಎಳೆಯರಿಗಲ್ಲ, ಬೆಳವಣಿಗೆ ಇನ್ನೂ ಉಳಿದಿರುವ ದೊಡ್ಡ ಮಕ್ಕಳಿಗೆ.

ಇವುಗಳಲ್ಲಿ ಯಾವುದೂ ಸುಲಭದ ದಾರಿಯಲ್ಲ. ಸರಳು ಮುರಿಯುವುದು, ಕೊಕ್ಕೆ ಸಡಿಲುವುದು, ಗಾಯ ಕೀವಾಗುವುದು ಸಾಮಾನ್ಯ. ಮತ್ತೆ ಮತ್ತೆ ಬಾಗಿಸಿದ ಲೋಹ ದಣಿದು ಮುರಿಯುತ್ತದೆಂಬುದು ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲದ ಕುಶಲಕರ್ಮಿಗಳಿಗೆ ತಿಳಿಯದ ಸಂಗತಿಯೇನಲ್ಲ. ಶಸ್ತ್ರಕ್ರಿಯೆಗಳ ಸಂಖ್ಯೆ ಹೆಚ್ಚಿದಷ್ಟೂ ತೊಡಕುಗಳೂ ಹೆಚ್ಚುತ್ತವೆ. ಆದುದರಿಂದ ಮೊದಲ ಶಸ್ತ್ರಕ್ರಿಯೆಯನ್ನು ಸಾಧ್ಯವಾದಷ್ಟು ಮುಂದೂಡುವುದೇ ಒಳ್ಳೆಯ ವೈದ್ಯರ ಗುರಿ.

ಊರುಗೋಲಿನ ಪುನರಾಗಮನ

ಮುಂದೂಡುವುದೆಂದರೆ ಸುಮ್ಮನೆ ಕಾಯುವುದಲ್ಲ. ಭಾರತೀಯ ಮೂಲದ ವೈದ್ಯೆ ಮಿನ್ ಮೆಹ್ತಾ ಅವರ ಕಾರ್ಯವನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. ಇಂಗ್ಲೆಂಡಿನಲ್ಲಿ ದೀರ್ಘಕಾಲ ಕೆಲಸ ಮಾಡಿದ ಇವರು, ಹಸುಳೆಗಳಲ್ಲಿ ಕಾಣುವ ಬಾಗುಗಳಲ್ಲಿ ತಾನಾಗಿ ಸರಿಹೋಗುವುದಾವುದು, ಬೆಳೆಯುತ್ತ ಕೆಡುವುದಾವುದು ಎಂಬುದನ್ನು ಪಕ್ಕೆಲುಬು ಮತ್ತು ಮಣಿಗಳ ನಡುವಿನ ಕೋನದಿಂದ ಗುರುತಿಸುವ ಬಗೆಯನ್ನು 1972ರಲ್ಲಿ ತೋರಿಸಿಕೊಟ್ಟರು. 'ದೊಡ್ಡದಾದಂತೆ ಸರಿಹೋಗುತ್ತದೆ' ಎಂಬ ಮನೆಮಾತು ಕೆಲವು ಮಕ್ಕಳ ಮಟ್ಟಿಗೆ ನಿಜ, ಉಳಿದವರ ಮಟ್ಟಿಗೆ ಅಪಾಯಕರ. ಆ ಭೇದವನ್ನು ಮಾಡಬಲ್ಲುದು ಕ್ಷ-ಕಿರಣ ಚಿತ್ರವೇ ಹೊರತು ಊಹೆಯಲ್ಲ.

ಕೆಡುವ ಬಾಗಿರುವ ಹಸುಳೆಗಳಿಗೆ ಅರಿವಳಿಕೆ ಕೊಟ್ಟು, ಚೌಕಟ್ಟಿನ ಮೇಲೆ ಮೆಲ್ಲಗೆ ಎಳೆದು, ತಿರುಚನ್ನು ಬಿಡಿಸಿ ಮುಂಡಕ್ಕೆ ಪ್ಲಾಸ್ಟರ್ ಕವಚವನ್ನು ಹಾಕಿ, ಮಗು ಬೆಳೆದಂತೆ ಅದನ್ನು ಬದಲಿಸುತ್ತ ಹೋಗುವುದು ಅವರ ಕ್ರಮ. 2005ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 136 ಮಕ್ಕಳಿದ್ದರು. ಸರಾಸರಿ ಒಂದು ವರ್ಷ ಏಳು ತಿಂಗಳ ವಯಸ್ಸಿನಲ್ಲಿ ಬಂದ 94 ಮಕ್ಕಳ ಬಾಗು ಪೂರ್ತಿಯಾಗಿ ಹೋಯಿತು. ಸರಾಸರಿ ಎರಡೂವರೆ ವರ್ಷದ ವಯಸ್ಸಿನಲ್ಲಿ ಬಂದ 42 ಮಕ್ಕಳ ಬಾಗು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಎರಡು ಗುಂಪುಗಳ ನಡುವಿನ ಅಂತರ ಒಂದು ವರ್ಷವೂ ಅಲ್ಲ. ಎಳೆಯ ಬೆಳವಣಿಗೆಯ ವೇಗವನ್ನೇ ಔಷಧವಾಗಿ ಬಳಸುವ ಈ ಕ್ರಮ, ಎಳೆಮರ ಮತ್ತು ಗೂಟದ ಆ ಹಳೆಯ ಉಪಮೆಯನ್ನು ಅಕ್ಷರಶಃ ನಿಜವಾಗಿಸಿದೆ. ಶಸ್ತ್ರ, ಸರಳು, ತಿರುಪುಗಳ ದೀರ್ಘ ಪ್ರಯಾಣದ ಬಳಿಕ ವೈದ್ಯಶಾಸ್ತ್ರ ರೈತನ ಊರುಗೋಲಿಗೆ ಮರಳಿ ಬಂದಿತೆನ್ನಬಹುದು.

ನಾಲ್ಕು ತಾಲ್ಲೂಕುಗಳ ಮುಂದಿರುವ ಕೆಲಸ

ಹಿಂದೆ ಹಿರೋಡೆಯೆಂದೂ, ಫ್ರೆಂಚ್ ಸೈನಿಕರ ನೆಲೆಯಾಗಿದ್ದುದರಿಂದ ಫ್ರೆಂಚ್ ರಾಕ್ಸ್ ಎಂದೂ ಕರೆಯಲಾಗುತ್ತಿದ್ದ ಪಾಂಡವಪುರದಿಂದಾಗಲಿ, ಅತ್ತಿಗುಪ್ಪೆಯೆಂಬ ಹೆಸರಿದ್ದ ಕೃಷ್ಣರಾಜಪೇಟೆಯಿಂದಾಗಲಿ ವೈದ್ಯರನ್ನು ಅರಸಿ ಹೋಗುವುದು ಒಂದು ಕಾಲಕ್ಕೆ ದೊಡ್ಡ ಪ್ರಯಾಣವೇ ಆಗಿತ್ತು. ಈ ಸ್ಥಿತಿ ಬದಲಾಗಿದೆ. 1924ರಲ್ಲಿ ಸ್ಥಾಪನೆಯಾದ ಮೈಸೂರು ವೈದ್ಯಕೀಯ ಕಾಲೇಜು ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲಿದೆ. ನಾಗಮಂಗಲ ತಾಲ್ಲೂಕಿನ ಬಾಲಗಂಗಾಧರನಾಥ ನಗರದಲ್ಲಿ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ, ಮಂಡ್ಯದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಆರಂಭವಾದವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ತೆರಳಿ ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಬೆನ್ನಿನ ಶಸ್ತ್ರಕ್ರಿಯೆಗೆ ದೊಡ್ಡ ನಗರದ ನುರಿತ ತಂಡವೇ ಬೇಕಾಗುತ್ತದೆ, ನಿಜ. ಆದರೆ ಬಾಗನ್ನು ಕಾಣುವುದಕ್ಕೆ ಬೇಕಾದುದು ಬರಿಗಣ್ಣು ಮಾತ್ರ.

ಜನಪದ ತಿಳಿವಳಿಕೆಯ ಪಾತ್ರ ಇರುವುದು ಇಲ್ಲಿಯೇ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದರಿಂದಾಗಲಿ ಸರ್ವಜ್ಞವೆಂದು ಹೊಗಳುವುದರಿಂದಾಗಲಿ ಪ್ರಯೋಜನವಿಲ್ಲ. ಎಳೆತನದಲ್ಲಿಯೇ ತಿದ್ದಬೇಕೆಂಬ ಗಾದೆಯ ಅರಿವು ಸರಿಯಾದುದು. ನೀವಿದರೆ ಸಾಕು, ಕಾದರೆ ಸಾಕು ಎಂಬ ತೀರ್ಮಾನ ತಪ್ಪಾದುದು. ಹರಕೆ ಹೊರುವ ಕುಟುಂಬವನ್ನು ಹಂಗಿಸಬೇಕಾಗಿಲ್ಲ. ಹರಕೆಯ ಜೊತೆಗೇ ಮಗುವನ್ನು ಆಸ್ಪತ್ರೆಗೂ ಕರೆದೊಯ್ಯುವಂತೆ ಹೇಳಿದರೆ ಸಾಕು. ನೀರೆರೆಯುವ ಅಜ್ಜಿಯರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಕಟ್ಟು ಹಾಕುವ ನಾಟಿ ವೈದ್ಯರಿಗೆ ಏರಿದ ಹೆಗಲು, ಉಬ್ಬಿದ ಪಕ್ಕೆ, ಬೆನ್ನ ನಡುವಿನ ಕೂದಲ ಗೊಂಚಲು ಅಥವಾ ಗುಳಿ ಇವುಗಳನ್ನು ಗುರುತಿಸುವ ತಿಳಿವಳಿಕೆ ನೀಡಿದರೆ, ಮನೆಯೊಳಗೆ ಕಳೆದುಹೋಗುವ ಅಮೂಲ್ಯವಾದ ತಿಂಗಳುಗಳು ಮಗುವಿಗೆ ಉಳಿಯುತ್ತವೆ.

ಕಾವಸ್‌ಜಿಯ ಮೂಗನ್ನು ಕಟ್ಟಿದ ವಿದ್ಯೆ ಜನಸಾಮಾನ್ಯರಿಂದ ವೈದ್ಯರಿಗೆ ಸಂದಿತು. ಎಳೆಯ ಬೆನ್ನನ್ನು ಕಾಯುವ ವಿದ್ಯೆ ಈಗ ವೈದ್ಯರಿಂದ ಜನಸಾಮಾನ್ಯರಿಗೆ ಸಲ್ಲಬೇಕಾಗಿದೆ. ಅದನ್ನು ಸ್ವೀಕರಿಸಲು ಬೇಕಾದ ಮಾತು ಈ ನೆಲದ ಜನರ ಬಾಯಲ್ಲಿ ಗಾದೆಯಾಗಿ ಮೊದಲಿನಿಂದಲೂ ಇದೆ. ಅದನ್ನು ಮಗುವಿನ ನಡತೆಗೆ ಮಾತ್ರವಲ್ಲದೆ ಮಗುವಿನ ಬೆನ್ನಿಗೂ ಅನ್ವಯಿಸಿ ಹೇಳುವವರು ಬೇಕು.